ಹದಿನೈದು ಮಿಲಿ ಶಾಯಿ

ಎರಡು ವರ್ಷದ ಹಿಂದಿನ ಮಾತು. ದಸರಾ ರಜೆಗೆ ಇನ್ನೇನು ನಾಲ್ಕು ದಿನ ಇತ್ತು. ಮಧ್ಯಾಹ್ನದ ಊಟ ಮುಗಿಸಿ ಸ್ವಲ್ಪ ಅಡ್ಡಾಗೋಣ ಎನ್ನುವಷ್ಟರಲ್ಲಿ ನನ್ನ ತಂಗಿ ಬಂದಳು. ಆ ಬಿಸಿಲಲ್ಲಿ ನಡೆದೇ ಬಂದಿದ್ದಳು. ಒಂದು ಲೋಟ ನೀರು ಕುಡಿದು, ಸೆರಗಿನ ಗಂಟು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿದ್ದ ಎರಡು ಚಿನ್ನದ ಬಳೆಗಳನ್ನು ನನ್ನ ಮುಂದಿಟ್ಟಳು.

"ಅಣ್ಣಯ್ಯ, ಇದನ್ನ ಅಡ ಇಟ್ರೆ ಎಷ್ಟು ಬರಬಹುದು?"

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಈ ಪ್ರಶ್ನೆ ನನಗೆ ಹೊಸದಲ್ಲ. ಕೌಂಟರಿನ ಆಚೆ ನಿಂತು ಎಷ್ಟೋ ಹೆಂಗಸರು ಹೀಗೆಯೇ ತಗ್ಗಿದ ದನಿಯಲ್ಲಿ ಕೇಳಿದ್ದಾರೆ. ಆದರೆ ಆ ಬಳೆಗಳು ನಮ್ಮ ಅಮ್ಮನವು. ಅವಳ ಮದುವೆಯಲ್ಲಿ ಅಮ್ಮ ತನ್ನ ಕೈಯಿಂದಲೇ ಬಿಚ್ಚಿ ಅವಳಿಗೆ ಹಾಕಿದ್ದು ನನಗೆ ನೆನಪಿದೆ.

ಮಗನ ಅಂಗಡಿಯ ಸಾಲದ ಕಂತು ಕಟ್ಟಲು ಎರಡು ತಿಂಗಳಿಂದ ಹಣ ಸಾಲುತ್ತಿಲ್ಲವಂತೆ. ಮಗ ಎಂದರೆ ನನ್ನ ಸೋದರಳಿಯ. ನಮ್ಮ ತುಮಕೂರಿನಲ್ಲೇ ಬ್ಯಾನರ್ ಮುದ್ರಿಸುವ ಅಂಗಡಿ ಇಟ್ಟಿದ್ದಾನೆ. ಆರು ಅಡಿ ಅಗಲದ ಯಂತ್ರ, ಆರೂವರೆ ಲಕ್ಷದ ಸಾಲ, ತಿಂಗಳಿಗೆ 14,300 ರೂಪಾಯಿ ಕಂತು. ಆ ಸಾಲದ ಪತ್ರದಲ್ಲಿ ಜಾಮೀನುದಾರ ಎನ್ನುವ ಕಡೆ ಇರುವ ಸಹಿ ನನ್ನದು! ಜಾಮೀನು ನಿಂತವರ ಮುಖ ಹೇಗಾಗುತ್ತದೆ ಎಂಬುದನ್ನು ಕೌಂಟರಿನ ಈಚೆಯಿಂದ ಕಂಡಿದ್ದೆ. ಅಂಥ ಮುಖ ನನಗೂ ಬರಬಹುದು ಎಂದು ಆವತ್ತು ಮೊದಲ ಸಲ ಅನ್ನಿಸಿತು.

"ಕೆಲಸ ಇಲ್ವೇನೇ ಅವನಿಗೆ?" ಎಂದೆ.

"ಅದೇ ಆಶ್ಚರ್ಯ ಕಣಣ್ಣ. ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ರಾತ್ರಿ ಹತ್ತಾಗುತ್ತೆ. ಗಣೇಶನ ಹಬ್ಬದಲ್ಲಂತೂ ಊಟಕ್ಕೂ ಬರ್ತಿರಲಿಲ್ಲ. ದುಡ್ಡು ಮಾತ್ರ ಕಾಣೆ."

ಬಳೆಗಳನ್ನು ಕರವಸ್ತ್ರದಲ್ಲೇ ಸುತ್ತಿ ಅವಳ ಕೈಗಿಟ್ಟೆ. "ಒಂದು ಹದಿನೈದು ದಿನ ತಡಿ. ಲೆಕ್ಕ ನೋಡ್ತೀನಿ" ಎಂದೆ. ಹೇಳಿದ್ದೇನೋ ಧೈರ್ಯವಾಗಿ. ಬ್ಯಾನರಿನ ವ್ಯಾಪಾರದ ಲೆಕ್ಕ ನನಗೇನು ಗೊತ್ತಿತ್ತು?

ಮಾರನೆಯ ದಿನ ಅಂಗಡಿಗೆ ಹೋದೆ. ಜೊತೆಗೆ ಬೆಂಗಳೂರಿನಿಂದ ರಜೆಗೆಂದು ಮುಂಚೆಯೇ ಬಂದಿದ್ದ ಮೊಮ್ಮಗಳು, ನನ್ನ ಮಗನ ಮಗಳು. ಏಳನೇ ಕ್ಲಾಸು. ಅವಳಿಗೆ ಯಂತ್ರ ನೋಡುವ ಆಸೆ, ನನಗೆ ಪುಸ್ತಕ ನೋಡುವ ಆಸೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜನ ಈಗಲೂ ಇದನ್ನು ಫ್ಲೆಕ್ಸ್ ಅಂಗಡಿ ಎಂದೇ ಕರೆಯುತ್ತಾರೆ. ಆದರೆ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರುಗಳನ್ನು ನಿಷೇಧಿಸಿದೆ. ಹಾಗಾಗಿ ನಮ್ಮ ಹುಡುಗ ಮುದ್ರಿಸುವುದು ಬಟ್ಟೆಯ ಮೇಲೆ. ಇಂಕು ಹಿಡಿಯಲೆಂದು ಒಂದು ಕಡೆ ಲೇಪನ ಹಚ್ಚಿದ, ಥಾನಿನ ಹಾಗೆ ಸುರುಳಿ ಸುತ್ತಿ ಬರುವ ಬಟ್ಟೆ. ದುಬಾರಿ, ಆದರೆ ಕಾನೂನಿಗೆ ಸರಿ. ಬೇರೆಯವರು ಏನು ಮುದ್ರಿಸುತ್ತಾರೋ ಅದು ಅವರಿಗೆ ಬಿಟ್ಟದ್ದು.

"ಚದರಡಿಗೆ ಎಷ್ಟು ತಗೋತೀಯಪ್ಪ?" ಎಂದು ಕೇಳಿದೆ.

"28 ರೂಪಾಯಿ ಮಾವ. ಬಟ್ಟೆಗೆ 13. ಬಾಡಿಗೆ, ಕರೆಂಟು, ಹುಡುಗನ ಸಂಬಳ, ಬ್ಯಾಂಕ್ ಕಂತು ಎಲ್ಲ ಸೇರಿ 10 ಬೀಳುತ್ತೆ. ಇಂಕಿಗೆ 1. ಉಳಿಯೋದು 4."

"ಇಂಕಿಗೆ ಒಂದೇ ರೂಪಾಯಿ ಅಂತ ಹೇಗೆ ಗೊತ್ತಾಯ್ತು?"

ಅವನು ತಲೆ ಕೆರೆದುಕೊಂಡ. ಯಂತ್ರ ಮಾರಲು ಬಂದವರು ಹೇಳಿದ್ದಂತೆ, ಒಂದು ಲೀಟರ್ ಇಂಕಿಗೆ 1,600 ಚದರಡಿ ಬರುತ್ತದೆ ಎಂದು. ಲೀಟರಿಗೆ ಅವನು ಕೊಡುತ್ತಿದ್ದ ಬೆಲೆ 1,600 ರೂಪಾಯಿ. ಭಾಗಿಸಿದರೆ ಒಂದು ರೂಪಾಯಿ. ಇಷ್ಟು ಸಲೀಸಾದ ಲೆಕ್ಕ ಕಂಡರೆ ಬ್ಯಾಂಕಿನವನಿಗೆ ಮೊದಲು ಅನುಮಾನವೇ ಬರಬೇಕು.

ಬಿ.ಕಾಂ. ಓದಿದ್ದು ಯಾವ ಕಾಲದಲ್ಲೋ. ಆದರೂ ಮೊದಲ ವರ್ಷ ಕಲಿಸುವ ಒಂದು ಪಾಠ ಸಾಯುವವರೆಗೂ ಮರೆಯುವುದಿಲ್ಲ. ತಿಂಗಳ ಮೊದಲ ದಿನ ಎಷ್ಟು ದಾಸ್ತಾನಿತ್ತು, ತಿಂಗಳಲ್ಲಿ ಎಷ್ಟು ಕೊಂಡೆ, ಕೊನೆಯ ದಿನ ಎಷ್ಟು ಉಳಿಯಿತು. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದರೆ ಖರ್ಚಾದದ್ದು ಸಿಗುತ್ತದೆ. ಸೆಪ್ಟೆಂಬರ್ ತಿಂಗಳದ್ದು ಹಾಕಿದೆ. ಮೊದಲು ಮೂರೂವರೆ ಲೀಟರ್ ಇತ್ತು. ಕೊಂಡದ್ದು ಒಂಬತ್ತು ಲೀಟರ್, ಬಿಲ್ಲುಗಳೆಲ್ಲ ಒಂದು ಕಡ್ಡಿಗೆ ಚುಚ್ಚಿಕೊಂಡಿದ್ದವು. ಕೊನೆಗೆ ಉಳಿದದ್ದು ಎರಡೂವರೆ. ಅಂದರೆ ಹತ್ತು ಲೀಟರ್ ಖರ್ಚು, 16,000 ರೂಪಾಯಿ. ಆ ತಿಂಗಳು ಮುದ್ರಿಸಿದ್ದು 3,600 ಚದರಡಿ.

ಮೊಮ್ಮಗಳು ನನಗಿಂತ ಮೊದಲು ಭಾಗಿಸಿದಳು. "ತಾತ, 4 ರೂಪಾಯಿ 44 ಪೈಸೆ!"

ನಾಲ್ಕು ರೂಪಾಯಿ ಉಳಿಯುತ್ತದೆ ಎಂದುಕೊಂಡಿದ್ದವನಿಗೆ ಉಳಿದದ್ದು 56 ಪೈಸೆ. 14,400 ರೂಪಾಯಿ ಬರಬೇಕಾದ ಕಡೆ 2,016. ಅವನೇನೋ 14,400 ಬಂದಿದೆ ಎಂದುಕೊಂಡೇ ಮನೆ ಖರ್ಚು ನಡೆಸಿದ್ದ. ಕಂತಿನ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದು ಗೊತ್ತಾಯಿತು. ಹುಡುಗ ಸ್ಟೂಲಿನ ಮೇಲೆ ಕೂತುಬಿಟ್ಟ. ಜೂಜಿಲ್ಲ, ಕುಡಿತವಿಲ್ಲ, ಸುಳ್ಳಿಲ್ಲ. ಹಾಗಿದ್ದೂ ಅಮ್ಮನ ಬಳೆ ಕರವಸ್ತ್ರಕ್ಕೆ ಬಂದಿತ್ತು.

ಇನ್ನು ಉಳಿದ ಪ್ರಶ್ನೆ, ಅಷ್ಟೊಂದು ಇಂಕು ಹೋದದ್ದು ಎಲ್ಲಿಗೆ?

ಯಂತ್ರದ ಹಿಂದೆ ನಾಲ್ಕು ಡಬ್ಬಿಗಳಿವೆ. ಆಕಾಶದಂಥ ನೀಲಿ, ಅದನ್ನು ಸಯಾನ್ ಎನ್ನುತ್ತಾರೆ. ಬೀಟ್‌ರೂಟ್ ರಸದಂಥ ಮೆಜೆಂಟಾ. ಹಳದಿ. ಕಪ್ಪು. ಜಗತ್ತಿನ ಎಲ್ಲ ಬಣ್ಣವನ್ನೂ ಇವು ನಾಲ್ಕರಲ್ಲೇ ಮಾಡುತ್ತಾರೆ. ಹಸಿರು ಬೇಕಾದರೆ ಸಯಾನ್ ಮೇಲೆ ಹಳದಿ. ಕೆಂಪು ಬೇಕಾದರೆ ಮೆಜೆಂಟಾ ಮೇಲೆ ಹಳದಿ. "ಬಿಳಿ ಡಬ್ಬಿ ಎಲ್ಲಿ ಮಾಮ?" ಎಂದು ಮೊಮ್ಮಗಳು ಹುಡುಕಿದಳು. ಬಿಳಿ ಎಂದರೆ ಬಟ್ಟೆಯದೇ ಬಣ್ಣ, ಅಲ್ಲಿ ಯಂತ್ರ ಏನನ್ನೂ ಚಿಮ್ಮಿಸುವುದಿಲ್ಲ. ಅದೊಂದೇ ಪುಕ್ಕಟೆ.

ನಾಲ್ಕರಲ್ಲಿ ಯಾವುದು ಬೇಗ ಖಾಲಿಯಾಗುತ್ತೆ ಎಂದು ಕೇಳಿದೆ. ಅಂಗಡಿಯ ಹುಡುಗ ಥಟ್ಟನೆ, "ರಾಜ್ಯೋತ್ಸವದ ಟೈಮಲ್ಲಿ ಹಳದಿ ಸಾರ್. ನೀಲಿ ಹಾಗೇ ಇರುತ್ತೆ, ಹಳದಿ ಕುಡಿದುಬಿಡುತ್ತೆ" ಎಂದ. ಕಾರಣ ಅವನಿಗೆ ಗೊತ್ತಿರಲಿಲ್ಲ. ನಮಗೂ ಒಂದು ನಿಮಿಷ ಹೊಳೆಯಲಿಲ್ಲ. ನೀವೂ ಇಲ್ಲೊಂದು ಕ್ಷಣ ನಿಂತು ಯೋಚಿಸಿ ನೋಡಿ.

ಕನ್ನಡದ ಬಾವುಟ ಮೇಲರ್ಧ ಹಳದಿ, ಕೆಳಗಿನರ್ಧ ಕೆಂಪು. ಕಣ್ಣಿಗೆ ಎರಡೂ ಸಮ. ಆದರೆ ಕೆಂಪಿನೊಳಗೂ ಹಳದಿ ಇದೆ! ಮೇಲೆಯೂ ಹಳದಿ ಹರಡಬೇಕು, ಕೆಳಗೆ ಮೆಜೆಂಟಾದ ಜೊತೆಯಲ್ಲೂ ಹರಡಬೇಕು. ಅಂದರೆ ಬಾವುಟದ ನೂರಕ್ಕೆ ನೂರು ಭಾಗ ಹಳದಿ, ನೂರಕ್ಕೆ ಐವತ್ತು ಭಾಗ ಮೆಜೆಂಟಾ. ಕೂಡಿದರೆ ಶೇಕಡಾ 150. ನೂರಕ್ಕೆ ನೂರೈವತ್ತು ಹೇಗಾಗುತ್ತದೆ ಎಂದು ಮೊಮ್ಮಗಳು ಜಗಳಕ್ಕೇ ನಿಂತಳು. ಒಂದು ಚಪಾತಿಗೆ ಪೂರ್ತಿ ತುಪ್ಪ ಸವರಿ, ಅದರ ಅರ್ಧಕ್ಕೆ ಮಾತ್ರ ಬೆಲ್ಲ ಹಚ್ಚಿದರೆ ಒಟ್ಟು ಎಷ್ಟು ಸವರಿದ ಹಾಗಾಯಿತು ಎಂದು ಕೇಳಿದೆ. ಒಂದೂವರೆ ಚಪಾತಿಯಷ್ಟು ಎಂದು ಒಪ್ಪಿಕೊಂಡಳು. ಈ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಅರಿಸಿನ ಕುಂಕುಮವನ್ನು ನೋಡಿದರೇ ಹೊರತು ಇಂಕಿನ ಡಬ್ಬಿಯನ್ನು ಲೆಕ್ಕ ಹಾಕಿರಲಾರರು.

ಅದೃಷ್ಟಕ್ಕೆ ಅಂಥದೇ ಒಂದು ಕೆಲಸ ಬಂತು. ಸಂಘವೊಂದರ ವೇದಿಕೆಯ ಹಿಂದೆ ಕಟ್ಟಲು 20 ಅಡಿಗೆ 10 ಅಡಿ, ಬರೀ ಬಾವುಟದ ಬಣ್ಣ. 200 ಚದರಡಿ. ಒಂದು ಚದರಡಿಗೆ ನಿಜವಾಗಿ ಎಷ್ಟು ಇಂಕು ಬೀಳುತ್ತದೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ.

ಅಳೆದ ಬಗೆ ಹಳೆಯದೇ. ನಮ್ಮ ಕಾಲದಲ್ಲಿ ಸ್ಕೂಟರಿನ ಮೈಲೇಜ್ ನೋಡಲು ಟ್ಯಾಂಕ್ ಬಾಯಿವರೆಗೂ ತುಂಬಿಸಿ, ಓಡಿಸಿ ಬಂದು, ಮತ್ತೆ ಬಾಯಿವರೆಗೂ ತುಂಬಿಸುತ್ತಿದ್ದೆವು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚು. ಇಲ್ಲೂ ಹಾಗೆಯೇ ಡಬ್ಬಿಗಳ ಮೇಲೆ ಅಂಟುಪಟ್ಟಿ ಹಚ್ಚಿ, ಮೊಮ್ಮಗಳ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದೆವು. ಮೆಡಿಕಲ್ ಶಾಪಿನಿಂದ 50 ಮಿಲಿಯ ಸಿರಿಂಜು ತಂದೆ, ಸೂಜಿ ಇಲ್ಲದ್ದು. ಮುದ್ರಣ ಮುಗಿದ ಮೇಲೆ ಅದೇ ಗೆರೆಗೆ ಬರುವವರೆಗೆ ಸಿರಿಂಜಿನಲ್ಲಿ ಇಂಕು ತುಂಬಿಸಿದೆ. ಕೈಗವಸು ಹಾಕಿಕೊಂಡು ತುಂಬುವ ಕೆಲಸ ನನ್ನದು, ಬರೆದುಕೊಳ್ಳುವ ಕೆಲಸ ಅವಳದು. ಮಕ್ಕಳು ಮುಟ್ಟುವಂಥ ಇಂಕಲ್ಲ ಅದು, ವಾಸನೆಯೂ ಜೋರು.

ಹಳದಿ 190 ಮಿಲಿ. ಮೆಜೆಂಟಾ 95 ಮಿಲಿ. ಮೆಜೆಂಟಾ ಸರಿಯಾಗಿ ಅರ್ಧ ಬಂದಾಗ ನನಗೆ ಆದ ಸಂತೋಷ ಹೇಳತೀರದು. ಲೆಡ್ಜರ್ ಮೊದಲ ಸಲಕ್ಕೇ ಟ್ಯಾಲಿ ಆದ ಸಂಜೆಗಳಲ್ಲಿ ಹೀಗಾಗುತ್ತಿತ್ತು. ಅದೇ ಗಡಿಬಿಡಿಯಲ್ಲಿ ಸಿರಿಂಜು ಜಾರಿ ಪಂಚೆಯ ಮೇಲೆ ನಾಲ್ಕು ಹನಿ ಬಿತ್ತು, ಆ ವಿಷಯ ಆಮೇಲೆ.

200 ಚದರಡಿಗೆ 190 ಮಿಲಿ. ಅಂದರೆ ಒಂದು ಬಣ್ಣವನ್ನು ಒಂದು ಚದರಡಿ ಪೂರ್ತಿ ತುಂಬಿಸಿದರೆ ಹೆಚ್ಚುಕಡಿಮೆ ಒಂದು ಮಿಲಿ. ಇದು ನಮ್ಮ ಯಂತ್ರ, ನಮ್ಮ ಬಟ್ಟೆಗೆ ಬಂದ ಲೆಕ್ಕ. ಬೇರೆ ಯಂತ್ರಕ್ಕೆ, ಸ್ಟಿಕ್ಕರಿನ ಹಾಳೆಗೆ ಬೇರೆ ಬರುತ್ತದೆ, ಅಳೆದೇ ನೋಡಬೇಕು. ನಮಗಂತೂ ಬಾಯಿಲೆಕ್ಕಕ್ಕೆ ಸಿಗುವಷ್ಟು ಸುಲಭವಾದ ಸಂಖ್ಯೆ ಸಿಕ್ಕಿತ್ತು. ಚದರಡಿಯನ್ನು ಬಣ್ಣದ ಶೇಕಡಾವಾರಿನಿಂದ ಗುಣಿಸಿದರೆ ಮಿಲಿ. ಮಿಲಿಯನ್ನು ಒಂದು ರೂಪಾಯಿ ಅರವತ್ತು ಪೈಸೆಯಿಂದ ಗುಣಿಸಿದರೆ ಹಣ.

ಬಾವುಟವಾದರೆ ಶೇಕಡಾವಾರು ಸುಲಭ. ಚಿತ್ರ, ಅಕ್ಷರ, ಹೂವಿನ ಅಂಚು ಎಲ್ಲ ಇರುವ ಬ್ಯಾನರಿಗೆ? ಉಪಾಯ ತೋರಿಸಿದವಳು ಮೊಮ್ಮಗಳು. ಗ್ರಾಫ್ ಹಾಳೆಯ ಮೇಲೆ ಎಲೆಯಿಟ್ಟು ಗೆರೆ ಎಳೆದು, ಅದರ ಒಳಗಿನ ಚೌಕ ಎಣಿಸಿ ವಿಸ್ತೀರ್ಣ ಕಂಡುಹಿಡಿಯುವುದನ್ನು ಶಾಲೆಯಲ್ಲಿ ಮಾಡಿಸಿದ್ದರಂತೆ. ಅರ್ಧಕ್ಕಿಂತ ಹೆಚ್ಚು ತುಂಬಿದ ಚೌಕಕ್ಕೆ ಒಂದು, ಕಡಿಮೆ ಇದ್ದದ್ದಕ್ಕೆ ಸೊನ್ನೆ. ಪುಸ್ತಕಕ್ಕೆ ಹಾಕುವ ಪಾರದರ್ಶಕ ಹಾಳೆಯ ಮೇಲೆ ಹತ್ತಕ್ಕೆ ಹತ್ತು, ಒಟ್ಟು ನೂರು ಚೌಕ ಎಳೆದಳು. ಬ್ಯಾನರಿನ ಸಣ್ಣ ಪ್ರತಿಯ ಮೇಲೆ ಅದನ್ನಿಟ್ಟು ಎಣಿಸಿದಳು. ಒಂದು ಟ್ಯೂಷನ್ ಕ್ಲಾಸಿನ ಬ್ಯಾನರು, 6 ಅಡಿಗೆ 4 ಅಡಿ, ಬಿಳಿ ನೆಲ. ಕೆಂಪಕ್ಷರ 22 ಚೌಕ. ಕೆಂಪಿಗೆ ಎರಡು ಬಣ್ಣ, ಹಾಗಾಗಿ 44. ಮೇಷ್ಟರ ಫೋಟೋ 9 ಚೌಕ, ಅದಕ್ಕೂ ಅಂದಾಜು ಎರಡೆರಡು ಹಿಡಿದು 18. ಒಟ್ಟು 62. 24 ಚದರಡಿಗೆ 15 ಮಿಲಿ, 24 ರೂಪಾಯಿ. ಚದರಡಿಗೆ ಒಂದೇ ರೂಪಾಯಿ!

ಅಂದರೆ ಯಂತ್ರ ಮಾರಿದವರು ಸುಳ್ಳು ಹೇಳಿರಲಿಲ್ಲ. ಬಿಳಿ ನೆಲದ ಮೇಲೆ ನಾಲ್ಕು ಅಕ್ಷರ, ಒಂದು ಫೋಟೋ ಇದ್ದರೆ ಅವರ ಮಾತು ನಿಜ. ಗಣೇಶನ ಹಬ್ಬದಲ್ಲಿ ಬಿಳಿ ನೆಲದ ಬ್ಯಾನರನ್ನು ಯಾರಾದರೂ ಕಟ್ಟಿಸುತ್ತಾರೆಯೇ?

ನಾವು ಹೀಗೆ ಚೌಕ ಎಣಿಸುತ್ತಿದ್ದದ್ದನ್ನು ನೋಡಿ ಅಳಿಯ ನಾಚಿಕೊಳ್ಳುತ್ತಾ, "ಮಾವ, ಕಂಪ್ಯೂಟರೇ ತೋರಿಸುತ್ತೆ, ಯಾವ ಕೆಲಸಕ್ಕೆ ಎಷ್ಟು ಮಿಲಿ ಅಂತ. ನಾನು ಯಾವತ್ತೂ ನೋಡಿರಲಿಲ್ಲ ಅಷ್ಟೆ" ಎಂದ. ಮುದ್ರಣಕ್ಕೆ ಕಳಿಸುವ ತಂತ್ರಾಂಶದಲ್ಲೇ ಒಂದು ಮೂಲೆಯಲ್ಲಿ ಆ ಸಂಖ್ಯೆ ಇತ್ತು. ಟ್ಯೂಷನ್ ಬ್ಯಾನರಿಗೆ ಅದು ಹೇಳಿದ್ದು 14 ಮಿಲಿ, ನಮ್ಮದು 15. ಮೊಮ್ಮಗಳ ಮುಖ ಸ್ವಲ್ಪ ಸಪ್ಪೆಯಾಯಿತು. ನಾನು ಮಾತ್ರ ಬಿಡಲಿಲ್ಲ. ಬ್ಯಾಂಕಿಗೆ ಕಂಪ್ಯೂಟರ್ ಬಂದ ಹೊಸದರಲ್ಲೂ ಪಕ್ಕದಲ್ಲಿ ಕೈಲೆಕ್ಕ ಇಟ್ಟುಕೊಂಡೇ ಕೆಲಸ ಮಾಡಿದವರು ನಾವು. ಒಂದು ವಾರ ಎರಡನ್ನೂ ಬರೆಯೋಣ, ಶನಿವಾರ ಸಂಜೆ ಡಬ್ಬಿಗೆ ತಾಳೆ ನೋಡೋಣ ಎಂದೆ.

ಆ ವಾರದಲ್ಲೇ ಕಪ್ಪಿನ ಗುಟ್ಟೂ ಬಯಲಾಯಿತು. ವಯಸ್ಸಾದವರೊಬ್ಬರು ಬಂದರು. ತೀರಿಕೊಂಡ ಹೆಂಡತಿಯ ಶ್ರದ್ಧಾಂಜಲಿಯ ಬ್ಯಾನರು ಬೇಕಿತ್ತು, 4 ಅಡಿಗೆ 3 ಅಡಿ. ಮೊಮ್ಮಗನ ಮೊಬೈಲಿನಲ್ಲಿ ಯಾರೋ ಮಾಡಿಕೊಟ್ಟ ಚಿತ್ರ ವಾಟ್ಸಾಪ್‌ನಲ್ಲಿ ಬಂದಿತ್ತು. ಪೂರ್ತಿ ಕಪ್ಪು ನೆಲ, ಮಧ್ಯೆ ಆಕೆಯ ಫೋಟೋ. ಕಪ್ಪು ತಾನೆ, ಒಂದೇ ಡಬ್ಬಿ, ಶೇಕಡಾ ನೂರು ಎಂದು ನಾನು ಬರೆಯಹೊರಟೆ. ಅಳಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ನಾಲ್ಕು ಬಣ್ಣಕ್ಕೆ ಬದಲಿಸಿ, ಕಪ್ಪಿನ ಮೇಲೆ ಬಾಣವಿಟ್ಟು ತೋರಿಸಿದ. ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90. ಕೂಡಿ ನೋಡಿ, ಸರಿಯಾಗಿ 300!

ಮೊಬೈಲಿನ ಪರದೆಯಲ್ಲಿ ಕಪ್ಪು ಎಂದರೆ ಬೆಳಕು ಇಲ್ಲದಿರುವುದು, ಅಲ್ಲಿ ಅದಕ್ಕೆ ಕಾಸು ಖರ್ಚಿಲ್ಲ. ಅದೇ ಚಿತ್ರ ಬಟ್ಟೆಗೆ ಇಳಿಯುವಾಗ ತಂತ್ರಾಂಶ ಕಪ್ಪನ್ನು ಗಾಢವಾಗಿಸಲು ನಾಲ್ಕು ಡಬ್ಬಿಯಿಂದಲೂ ಸುರಿಯುತ್ತದೆ. ಗಣೇಶನ ಹಬ್ಬದ ಬ್ಯಾನರುಗಳಲ್ಲಿ ಮುಕ್ಕಾಲುಪಾಲು ಹೀಗೆ ವಾಟ್ಸಾಪ್‌ನಲ್ಲಿ ಬಂದ ಕಡುಬಣ್ಣದ ಚಿತ್ರಗಳೇ. ಬಿಳಿ ನೆಲದವರಿಗೂ ಅವರಿಗೂ ಒಂದೇ 28 ರೂಪಾಯಿ.

ಆ ಯಜಮಾನರು ಬೆಂಚಿನ ಮೇಲೆ ಕೂತೇ ಇದ್ದರು. ಕಪ್ಪಿನ ಬದಲು ಬಿಳಿ ನೆಲ ಮಾಡೋಣವೇ ಎಂದು ಅಳಿಯ ಕೇಳಿದ. "ಬ್ಯಾಡಪ್ಪ, ಬಿಳೀದಾದ್ರೆ ಗೃಹಪ್ರವೇಶದ್ದು ಅನ್ನಿಸುತ್ತೆ" ಎಂದರು. ಅವರು ಹೇಳಿದ್ದೂ ಸರಿಯೇ. ಅಳಿಯ ಆಕೆಯ ಫೋಟೋವನ್ನು ಮಾತ್ರ ಕತ್ತರಿಸಿಕೊಂಡು, ನೆಲವನ್ನು ಹೊಸದಾಗಿ ತಾನೇ ಬರೆದ. ಕಪ್ಪು ಡಬ್ಬಿಯಿಂದ ನೂರು, ಮಂಕಾಗಬಾರದೆಂದು ಸಯಾನ್ ಮೂವತ್ತು. ಶೇಕಡಾ 300 ಇದ್ದದ್ದು 130ಕ್ಕೆ ಇಳಿಯಿತು. ಮುದ್ರಿಸಿ ಹೊರಗೆ ಬಿಸಿಲಿಗೆ ಹಿಡಿದಾಗ ನನಗೇನೂ ವ್ಯತ್ಯಾಸ ಕಾಣಲಿಲ್ಲ. ಯಜಮಾನರು ಬ್ಯಾನರಿನ ಅಂಚನ್ನೂ ನೋಡಲಿಲ್ಲ, ನೆಲವನ್ನೂ ನೋಡಲಿಲ್ಲ. ಫೋಟೋವನ್ನೇ ನೋಡುತ್ತಾ, "ಹಣೆ ಕುಂಕುಮ ಚೆನ್ನಾಗಿ ಬಂದದೆ" ಎಂದರು. ಒಂದು ಗಳಿಗೆ ಬಿಟ್ಟು ದುಡ್ಡು ಎಷ್ಟು ಎಂದು ಕೇಳಿದರು. ಕುಂಕುಮಕ್ಕೆ ಹಳದಿ ನೂರು, ಮೆಜೆಂಟಾ ನೂರು ಎಂದು ಲೆಕ್ಕ ಹಾಕುತ್ತಿದ್ದ ಮೊಮ್ಮಗಳು ಪೆನ್ನು ಕೆಳಗಿಟ್ಟಳು.

ಶನಿವಾರ ಸಂಜೆ ಬಂತು. ಆರು ದಿನದ ಕೆಲಸ 720 ಚದರಡಿ. ಕೆಲಸವಾರು ಬರೆದದ್ದನ್ನೆಲ್ಲ ಕೂಡಿದರೆ 930 ಮಿಲಿ. ಡಬ್ಬಿಗಳಿಗೆ ಸಿರಿಂಜಿನಲ್ಲಿ ತುಂಬಿಸಿದ್ದು 1,240 ಮಿಲಿ. 310 ಮಿಲಿ ವ್ಯತ್ಯಾಸ! ಸುಮಾರು 500 ರೂಪಾಯಿ. ಒಂದೇ ವಾರದಲ್ಲಿ.

ನನ್ನ ಬ್ಯಾಂಕಿನ ದಿನಗಳು ನೆನಪಾದವು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಹುಡುಕುತ್ತಿದ್ದೆವು. ಹತ್ತು ಪೈಸೆಯನ್ನು ಜೇಬಿನಿಂದ ಹಾಕಿ ಮನೆಗೆ ಹೋಗಬಹುದಿತ್ತು. ಹೋಗುವ ಹಾಗಿರಲಿಲ್ಲ, ಏಕೆಂದರೆ ಆ ಹತ್ತು ಪೈಸೆಯ ಹಿಂದೆ ಒಂದು ಸಾವಿರದ ತಪ್ಪು ಒಂದು ಕಡೆ, ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ತೊಂಬತ್ತು ಪೈಸೆಯ ತಪ್ಪು ಇನ್ನೊಂದು ಕಡೆ ಇರಬಹುದಿತ್ತು. ಅಂಗಡಿಯ ಹುಡುಗನಿಗೆ ಟೀ ತರಲು ಹೇಳಿ ಎಲ್ಲರೂ ಕೂತೆವು.

ಮೊದಲು ಸಿಕ್ಕಿದ್ದು ಒಂದು ತಪ್ಪಕ್ಷರ. ಮಂಗಳವಾರ ಒಂದು ಬ್ಯಾನರಿನಲ್ಲಿ "ಹಾರ್ದಿಕ" ಎಂಬುದು "ಹರ್ದಿಕ" ಆಗಿ, ಮತ್ತೆ ಮುದ್ರಿಸಿದ್ದರು. 30 ಚದರಡಿ, ಎರಡು ಬಣ್ಣ, 60 ಮಿಲಿ. ಬರೆಯುವಾಗ ಒಂದೇ ಸಲ ಬರೆದಿದ್ದೆವು. ಒಂದು ದೀರ್ಘಕ್ಕೆ 96 ರೂಪಾಯಿ! ಬಟ್ಟೆ ಬೇರೆ. ಕನ್ನಡವನ್ನು ತಪ್ಪಿಲ್ಲದೆ ಬರೆಯಿರಿ ಎಂದು ಮೇಷ್ಟರು ಹೇಳುತ್ತಿದ್ದಾಗ ಅದಕ್ಕೆ ಹೀಗೊಂದು ಬೆಲೆ ಇದೆ ಎಂದು ತಿಳಿದಿರಲಿಲ್ಲ.

ಇನ್ನೂ 250 ಮಿಲಿ. ಡಬ್ಬಿ ಸೋರಿದೆಯೇ ಎಂದು ನೋಡಿದೆವು. ಇಲ್ಲ. ಕೂಡಿದ್ದನ್ನು ಮತ್ತೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಕೂಡಿದೆ. ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಚಪ್ಪಲಿ ಹುಡುಕಲೆಂದು ಬಗ್ಗಿದ ಮೊಮ್ಮಗಳು ಯಂತ್ರದ ಬಲಗಡೆಯ ಕೆಳಗಿನಿಂದ ಕೂಗಿದಳು. "ತಾತ, ಇಲ್ಲೊಂದು ಬಾಟ್ಲಿ ಇದೆ. ಕೆಸರಿನ ತರ ಇದೆ!"

ಯಂತ್ರ ಇಂಕು ಚಿಮ್ಮಿಸುವುದು ಕೂದಲಿಗಿಂತ ಸಣ್ಣ ತೂತುಗಳಿಂದ. ಇಂಕು ಒಣಗಿದರೆ ಆ ತೂತು ಕಟ್ಟಿಕೊಂಡು, ಬಟ್ಟೆಯ ಮೇಲೆ ಬಿಳಿ ಗೆರೆ ಬೀಳುತ್ತದೆ. ಆಗ ಕ್ಲೀನಿಂಗ್ ಎಂಬ ಗುಂಡಿ ಒತ್ತುತ್ತಾರೆ. ಯಂತ್ರ ನಾಲ್ಕು ಬಣ್ಣವನ್ನೂ ಸ್ವಲ್ಪ ಸ್ವಲ್ಪ ಎಳೆದು ಉಗಿದು, ನಾವು ಬೆಳಿಗ್ಗೆ ಬಾಯಿ ಮುಕ್ಕಳಿಸುವ ಹಾಗೆ ಮಾಡುತ್ತದೆ. ಆ ಉಗಿದದ್ದೆಲ್ಲ ಹೋಗಿ ಸೇರುವುದು ಈ ಬಾಟಲಿಗೆ. ಕಂಪ್ಯೂಟರ್ ತೋರಿಸುವ ಲೆಕ್ಕದಲ್ಲಿ ಬಟ್ಟೆಗೆ ಬಿದ್ದದ್ದು ಮಾತ್ರ ಇತ್ತು, ಉಗಿದದ್ದು ಇರಲಿಲ್ಲ.

ಅಂಗಡಿಯ ಹುಡುಗ ತಲೆತಗ್ಗಿಸಿ ನಿಂತ. ದಿನಕ್ಕೆ ಎಷ್ಟು ಸಲ ಒತ್ತುತ್ತೀಯ ಎಂದರೆ, "ಬೆಳಿಗ್ಗೆ ಒಂದ್ಸಲ ಸಾರ್. ಊಟ ಮಾಡಿ ಬಂದು ಒಂದ್ಸಲ. ಡೌಟ್ ಬಂದ್ರೆ ಇನ್ನೊಂದ್ಸಲ" ಎಂದ. ಪಾಪ, ಕೆಲಸ ಕೆಡಬಾರದೆಂದೇ ಒತ್ತುತ್ತಿದ್ದದ್ದು. ಆ ಬಾಟಲಿಯನ್ನು ಹಿಂದಿನ ಶನಿವಾರವೇ ಖಾಲಿ ಮಾಡಿದ್ದನಂತೆ. ಅಳೆದೆವು. 235 ಮಿಲಿ.

60ಕ್ಕೆ 235 ಸೇರಿಸಿದರೆ 295. ಬಾಕಿ 15. ಎಂಟು ಗಂಟೆಯವರೆಗೂ ಹುಡುಕಿದೆ, ಸಿಗಲಿಲ್ಲ. ಬ್ಯಾಂಕಿನಲ್ಲಿ ಇಂಥದ್ದಕ್ಕೆ ಸಸ್ಪೆನ್ಸ್ ಅಕೌಂಟ್ ಎಂದು ಒಂದು ಖಾತೆ ಇರುತ್ತದೆ. ಎಲ್ಲಿ ಸೇರಬೇಕು ಎಂದು ಗೊತ್ತಾಗುವ ತನಕ ಮೊತ್ತ ಅಲ್ಲಿ ಕಾಯುತ್ತದೆ. ಮೊಮ್ಮಗಳಿಗೆ ಆ ಹೆಸರು ಬಹಳ ಹಿಡಿಸಿತು. ಪತ್ತೇದಾರಿ ಕಥೆಯ ಹೆಸರಿನಂತಿದೆ ಎಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ದೊಡ್ಡದಾಗಿ ಬರೆದಳು. "ಸಸ್ಪೆನ್ಸ್: 15 ಮಿಲಿ."

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಡುಗ ಈಗ ಸುಮ್ಮನೆ ಗುಂಡಿ ಒತ್ತುವುದಿಲ್ಲ. ಮೊದಲು ನಾಲ್ಕು ಬಣ್ಣದ ಸಣ್ಣ ಗೆರೆಗಳ ಒಂದು ಪರೀಕ್ಷೆ ಮುದ್ರಿಸಿ ನೋಡುತ್ತಾನೆ, ಗೆರೆ ತುಂಡಾಗಿದ್ದರೆ ಮಾತ್ರ ಮುಕ್ಕಳಿಸುವುದು. ವಾರಕ್ಕೆ 235 ಇದ್ದದ್ದು ನೂರಕ್ಕಿಂತ ಕೆಳಗೆ ಬಂತು. ಕಪ್ಪು ನೆಲವನ್ನೆಲ್ಲ ಅಳಿಯನೇ ಹೊಸದಾಗಿ ಬರೆಯುತ್ತಾನೆ. ದರ ಮೂರಾಯಿತು. ಬಿಳಿ ನೆಲಕ್ಕೆ 26, ಬಣ್ಣದ ನೆಲಕ್ಕೆ 29, ಮೂಲೆಮೂಲೆಗೂ ಕಡುಬಣ್ಣ ಬೇಕೆನ್ನುವವರಿಗೆ 32. ಗಿರಾಕಿಗಳು ತಪ್ಪಿಹೋದಾರು ಎಂಬ ಭಯ ಅವನಿಗಿತ್ತು. ಒಬ್ಬಿಬ್ಬರು ಹೋದರು. ಟ್ಯೂಷನ್ನಿನವರು, ಬಾಡಿಗೆಗಿದೆ ಎಂದು ಬೋರ್ಡು ಹಾಕಿಸುವವರು ಎರಡು ರೂಪಾಯಿ ಇಳಿಯಿತೆಂದು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಬಾವುಟದ ಸಂಘದವರಿಗೆ ಮಾತ್ರ ಹಳೆಯ 28ಕ್ಕೇ ಕೊಟ್ಟ, ಮೊದಲು ಆಡಿದ ಮಾತು ಅದು.

ನವೆಂಬರಿನಲ್ಲಿ 3,400 ಚದರಡಿಗೆ ಆರು ಲೀಟರ್ ಖರ್ಚಾಯಿತು, ಚದರಡಿಗೆ 2 ರೂಪಾಯಿ 82 ಪೈಸೆ. ಒಂದು ರೂಪಾಯಿ ಅಲ್ಲ, ಆದರೆ ಈಗ ಅದು ಎಷ್ಟು ಎಂದು ಅವನಿಗೆ ಗೊತ್ತು. ಆ ತಿಂಗಳ ಕಂತು ಐದನೇ ತಾರೀಖಿಗೇ ಹೋಯಿತು. ಬಾಕಿಯಿದ್ದ ಎರಡು ಕಂತು ತೀರಲು ಯುಗಾದಿಯವರೆಗೆ ಬೇಕಾಯಿತು. ಹಬ್ಬದ ದಿನ ಬೇವುಬೆಲ್ಲ ಕೊಡಲು ಬಂದ ತಂಗಿಯ ಕೈಯಲ್ಲಿ ಬಳೆಗಳಿದ್ದವು. ಅದರ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೇವು ಸ್ವಲ್ಪ ಜಾಸ್ತಿ ಹಾಕಿದ್ದಳು.

ಮೊಮ್ಮಗಳು ಈಗ ಒಂಬತ್ತನೇ ಕ್ಲಾಸು. ಭಾನುವಾರ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಈಗಲೂ ಅದೇ. "ತಾತ, ಆ ಹದಿನೈದು ಮಿಲಿ ಸಿಕ್ತಾ?"

ಪೂರ್ತಿ ಸಿಕ್ಕಿಲ್ಲ. ಒಂದೋ ಎರಡೋ ಮಿಲಿ ಮಾತ್ರ ಎಲ್ಲಿದೆ ಎಂದು ಗೊತ್ತು. ಬಿಳಿ ಪಂಚೆಯ ಮೊಣಕಾಲಿನ ಹತ್ತಿರ ನಾಲ್ಕು ಮೆಜೆಂಟಾ ಕಲೆ. ನಿಂಬೆಹಣ್ಣು, ಸೀಗೆಪುಡಿ, ಬ್ರಶ್ಶು, ಯಾವುದಕ್ಕೂ ಜಗ್ಗಿಲ್ಲ. ನನ್ನ ಹೆಂಡತಿ ಆ ಪಂಚೆಯನ್ನು ಮದುವೆ ಮುಂಜಿಗೆ ಉಡಬಾರದೆಂದು ಬೇರೆ ಇಟ್ಟಿದ್ದಾಳೆ. ಅಂಗಡಿಗೆ ಹೋಗುವ ದಿನ ನಾನು ಅದನ್ನೇ ಉಟ್ಟುಕೊಂಡು ಹೋಗುತ್ತೇನೆ.